ಇಂಡಕ್ಷನ್ ಒಲೆಗೆ ಯಾವ ಪಾತ್ರೆ ಹೊಂದುತ್ತದೆ?

ಹೊಸ ಇಂಡಕ್ಷನ್ ಒಲೆ ಮನೆಗೆ ಬಂದ ದಿನವೇ ತಕರಾರು ಶುರುವಾಗುವುದುಂಟು. ಹಾಲಿನ ಪಾತ್ರೆ ಇಟ್ಟರೆ ಬೀಪ್ ಬೀಪ್ ಎಂದು ಕೂಗಿ ಸುಮ್ಮನಾಗುತ್ತದೆ. ಸ್ಟೀಲಿನದೇ ಇನ್ನೊಂದು ಪಾತ್ರೆ ಇಟ್ಟರೆ ಚೆನ್ನಾಗಿ ಕಾಯುತ್ತದೆ. ಒಲೆಯೇ ಸರಿಯಿಲ್ಲವೆಂದು ಅಂಗಡಿಗೆ ಹೊತ್ತೊಯ್ಯುವ ಮುಂಚೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ ಆಯಸ್ಕಾಂತವನ್ನು ಕಿತ್ತು ಎರಡೂ ಪಾತ್ರೆಗಳ ತಳಕ್ಕೆ ಹಿಡಿದು ನೋಡಿ. ಗಟ್ಟಿಯಾಗಿ ಕಚ್ಚಿಕೊಂಡರೆ ಆ ಪಾತ್ರೆ ನಡೆಯುತ್ತದೆ, ಜಾರಿ ಬಿದ್ದರೆ ಇಲ್ಲ.

ಈ ಒಲೆಯಲ್ಲಿ ಬೆಂಕಿಯೂ ಇಲ್ಲ, ಕಾದು ಕೆಂಪಾಗುವ ತಂತಿಯೂ ಇಲ್ಲ. ಗಾಜಿನ ಕೆಳಗೆ ತಾಮ್ರದ ತಂತಿಯ ಸುರುಳಿಯಿದೆ. ಅದರಲ್ಲಿ ಕರೆಂಟು ಸೆಕೆಂಡಿಗೆ 20 ಸಾವಿರಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುತ್ತದೆ. ಇದರಿಂದ ಹುಟ್ಟುವ ಕಾಂತಕ್ಷೇತ್ರ ಗಾಜನ್ನು ದಾಟಿ ಪಾತ್ರೆಯ ತಳಕ್ಕೆ ಹೊಕ್ಕು, ಅಲ್ಲಿ ಸುಳಿಸುಳಿಯಾಗಿ ವಿದ್ಯುತ್ ಹರಿಯುವಂತೆ ಮಾಡುತ್ತದೆ. ಕಬ್ಬಿಣದಲ್ಲಿ ಈ ವಿದ್ಯುತ್ತು ತಳದ ತೀರಾ ತೆಳುವಾದ ಪದರದಲ್ಲೇ ಹರಿಯಬೇಕಾಗುವುದರಿಂದ ತಡೆ ಹೆಚ್ಚು, ಬಿಸಿಯೂ ಹೆಚ್ಚು. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಗಳಲ್ಲಿ ಅದು ಸಲೀಸಾಗಿ ಹರಿದುಬಿಡುತ್ತದೆ, ಪಾತ್ರೆ ಕಾಯುವುದೇ ಇಲ್ಲ. ಮಣ್ಣಿನ ಮಡಕೆಯ ಮಾತಂತೂ ಬೇಡ. ಒಟ್ಟಿನಲ್ಲಿ ಇಲ್ಲಿ ಕಾಯುವುದು ಒಲೆಯಲ್ಲ, ಪಾತ್ರೆ.

ಸ್ಟೀಲಿನ ವಿಷಯದಲ್ಲಿ ಒಂದು ತಮಾಷೆಯಿದೆ. ನಿಕ್ಕಲ್ ಬೆರೆತ 304 ದರ್ಜೆಯ ದುಬಾರಿ ಸ್ಟೀಲಿಗೆ ಆಯಸ್ಕಾಂತ ಅಂಟುವುದಿಲ್ಲ. ನಿಕ್ಕಲ್ ಇಲ್ಲದ, ಅಗ್ಗದ 430 ದರ್ಜೆಯದಕ್ಕೆ ಅಂಟುತ್ತದೆ. ಹಾಗಾಗಿ ಮದುವೆಯಲ್ಲಿ ಬಂದ ಒಳ್ಳೆಯ ಪಾತ್ರೆಯೇ ಇಂಡಕ್ಷನ್‌ಗೆ ಆಗದಿರಬಹುದು. ಈಗ ‘ಇಂಡಕ್ಷನ್ ಬೇಸ್’ ಎಂದು ಮಾರುವ ಕುಕ್ಕರ್, ಬಾಣಲೆಗಳ ತಳಕ್ಕೆ ಆಯಸ್ಕಾಂತ ಹಿಡಿಯುವ ಸ್ಟೀಲಿನ ಬಿಲ್ಲೆಯನ್ನು ಕೂಡಿಸಿರುತ್ತಾರೆ. ಕೊಳ್ಳುವಾಗ ಆ ಬಿಲ್ಲೆಯ ಅಗಲ ನೋಡಿ. ಪಾತ್ರೆ ಎಷ್ಟೇ ದೊಡ್ಡದಿದ್ದರೂ ಕಾಯುವುದು ಬಿಲ್ಲೆ ಇರುವಷ್ಟು ಜಾಗ ಮಾತ್ರ.

ತಳ ಚಪ್ಪಟೆಯಾಗಿರಬೇಕು. ಉಬ್ಬುತಳದ ಬಾಣಲೆ ಗಾಜಿನಿಂದ ದೂರ ಉಳಿದಷ್ಟೂ ಕಾವು ಕಡಿಮೆ. ತೀರಾ ಸಣ್ಣ ಪಾತ್ರೆಯನ್ನು ಒಲೆ ಗುರುತಿಸುವುದೇ ಇಲ್ಲ; ಸಾಮಾನ್ಯವಾಗಿ 12 ಸೆಂಟಿಮೀಟರಿನಷ್ಟಾದರೂ ತಳ ಬೇಕು. ಒಗ್ಗರಣೆ ಸೌಟು ಕೆಲಸ ಮಾಡದಿರುವುದು ಇದಕ್ಕೇ. ಚಿಕ್ಕ ಚಪ್ಪಟೆ ಬಾಣಲೆಯಲ್ಲಿ ಒಗ್ಗರಣೆ ಹಾಕುವುದೊಂದೇ ದಾರಿ.

ದೋಸೆ ಕಾವಲಿಯದು ಬೇರೆಯೇ ಕಥೆ. ಎರಕದ ಕಬ್ಬಿಣದ ಕಾವಲಿ ಇಂಡಕ್ಷನ್‌ಗೆ ಹೇಳಿ ಮಾಡಿಸಿದಂತಿದ್ದರೂ ಕೆಳಗಿನ ಸುರುಳಿಯ ಅಗಲ ಕಾವಲಿಗಿಂತ ಕಡಿಮೆ. ಕಬ್ಬಿಣ ಬಿಸಿಯನ್ನು ಬೇಗ ಹರಡುವ ಲೋಹವೂ ಅಲ್ಲ. ಆತುರಪಟ್ಟು 2000 ವಾಟ್‌ಗೆ ಏರಿಸಿದರೆ ನಡುವೆ ದೋಸೆ ಸೀದುಹೋಗುತ್ತದೆ, ಅಂಚು ಬಿಳಿಚಿಕೊಂಡು ಹಸಿಯಾಗಿ ಉಳಿಯುತ್ತದೆ. ಕಡಿಮೆ ಉರಿಯಲ್ಲಿ ಐದಾರು ನಿಮಿಷ ನಿಧಾನವಾಗಿ ಕಾಯಿಸಿ, ನೀರು ಚಿಮುಕಿಸಿ ನೋಡಿ, ಆಮೇಲೆ ಹಿಟ್ಟು ಹಾಕಿ. ದೋಸೆಯನ್ನು ಸುರುಳಿಯ ಅಳತೆ ಮೀರದಂತೆ ಹುಯ್ಯುವುದೇ ಜಾಣತನ. ಕಾವಲಿಯನ್ನು ಗಾಜಿನ ಮೇಲೆ ಎಳೆದಾಡದೆ ಎತ್ತಿ ಇಡಿ, ಇಲ್ಲದಿದ್ದರೆ ಗೀರು ಬೀಳುತ್ತದೆ.

ರಾಗಿ ಮುದ್ದೆಗೆ ಹಿಟ್ಟು ಬೇಯುವ ತನಕ ಒಲೆಯ ಮೇಲಿರಲಿ. ಕೋಲು ಹಾಕಿ ತಿರುವುವಾಗ ಪಾತ್ರೆಯನ್ನು ಕೆಳಗಿಳಿಸಿಕೊಳ್ಳಿ. ಮೈಭಾರ ಹಾಕಿ ಒತ್ತುವುದನ್ನು ಗಾಜು ತಾಳಬೇಕೆಂದೇನೂ ಇಲ್ಲ. ಹಪ್ಪಳ, ಬದನೆಕಾಯಿ ಸುಡಲು ಗ್ಯಾಸೇ ಸರಿ.

ಬರಿದಾದ ಪಾತ್ರೆಯನ್ನು ಒಲೆಯ ಮೇಲಿಟ್ಟು ಫೋನಿಗೆ ಹೋಗುವುದು ದೊಡ್ಡ ಅಪಾಯ. ಒಲೆಯೊಳಗಿನ ಉಷ್ಣತೆಯ ಸೆನ್ಸರ್ ಗಾಜಿನ ಕೆಳಗಿರುತ್ತದೆ. ಪಾತ್ರೆಯ ಬಿಸಿ ಗಾಜಿಗಿಳಿದು ಅದಕ್ಕೆ ತಲುಪುವಷ್ಟರಲ್ಲಿ ತೆಳು ತಳ ಸೊಟ್ಟಗಾಗಿರುತ್ತದೆ, ಎಣ್ಣೆಯಿದ್ದರೆ ಹೊಗೆಯಾಡುತ್ತಿರುತ್ತದೆ. ನಾನ್‌ಸ್ಟಿಕ್ ಲೇಪನವೂ 260 ಡಿಗ್ರಿ ದಾಟಿದರೆ ಹಾಳಾಗತೊಡಗುತ್ತದೆ. ಗಾಜಿಗೆ ಗೀರು ಬೀಳದಿರಲೆಂದು ನ್ಯೂಸ್‌ಪೇಪರ್ ಹಾಸುವವರೂ ಇದ್ದಾರೆ. ಕಾಂತಕ್ಷೇತ್ರಕ್ಕೆ ಕಾಗದ ಅಡ್ಡಿಯಲ್ಲ ನಿಜ, ಆದರೆ ಕರಿಯುವ ಎಣ್ಣೆಯ ಕೆಳಗೆ ಅದು ಕಪ್ಪಾಗಿ ಸುಟ್ಟುಹೋಗುತ್ತದೆ. ಆ ಅಭ್ಯಾಸ ಬಿಡಿ.

ಪ್ಲಗ್ಗಿನ ಕಡೆಗೂ ಗಮನವಿರಲಿ. 2000 ವಾಟಿನ ಒಲೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜರ್ ಸಿಕ್ಕಿಸುವ 6 ಆಂಪಿಯರ್ ಸಾಕೆಟ್ಟಿಗೆ, ಎಕ್ಸ್‌ಟೆನ್ಷನ್ ಬಾಕ್ಸಿಗೆ ಅದು ಹೊರೆ. ಗೀಸರ್ ಹಾಕುವಂಥ 16 ಆಂಪಿಯರ್ ಪಾಯಿಂಟೇ ಬೇಕು. ಖರ್ಚಿನ ಭಯ ಅಷ್ಟೇನೂ ಬೇಡ: ಮುಚ್ಚಳ ಹಾಕಿ ಒಂದು ಲೀಟರ್ ನೀರು ಕುದಿಸಲು 1500 ವಾಟಿನಲ್ಲಿ ನಾಲ್ಕೈದು ನಿಮಿಷ ಸಾಕು, ಸುಮಾರು 0.1 ಯೂನಿಟ್ ಆಗುತ್ತದೆ.

ಅಡುಗೆ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸಬೇಡಿ. ಒಲೆಯ ಬಟನ್ ಒತ್ತಿ ಆಫ್ ಮಾಡಿ, ಒಳಗಿನ ಫ್ಯಾನ್ ತಾನಾಗಿ ನಿಲ್ಲಲು ಬಿಡಿ. ಪಾತ್ರೆಯ ಬಿಸಿಗೆ ಗಾಜೂ ಕಾದಿರುತ್ತದೆ. ಮಕ್ಕಳ ಕೈ ದೂರವಿರಲಿ, ಆರಿದ ಮೇಲಷ್ಟೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಪೇಸ್‌ಮೇಕರ್ ಹಾಕಿಸಿಕೊಂಡವರು ಉರಿಯುತ್ತಿರುವ ಒಲೆಯಿಂದ ಎರಡಡಿಯಾದರೂ ದೂರ ನಿಲ್ಲಬೇಕು, ವೈದ್ಯರನ್ನೂ ಕೇಳಬೇಕು. ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಪ್ಲಗ್ ಕಿತ್ತು ಪಕ್ಕಕ್ಕಿಡಿ: ಉಕ್ಕಿದ ಹಾಲೋ ಸಾರೋ ಆ ಬಿರುಕಿನಲ್ಲಿ ಒಳಗಿಳಿದರೆ ಶಾಕ್ ಹೊಡೆಯಬಹುದು. ಗಾಜು ಬದಲಿಸುವವರೆಗೆ ಅದರ ಮೇಲೆ ಏನನ್ನೂ ಬೇಯಿಸಬೇಡಿ.