ಗಾಲಿಯ ಮೇಲಿನ ಮನೆ: ಅದರ ದುರಸ್ತಿಯೂ ಪಾಲನೆಯೂ

ಮನುಷ್ಯನಿಗೆ ನೆಲೆಯೂ ಬೇಕು, ಸಂಚಾರವೂ ಬೇಕು. ಈ ಎರಡು ಆಸೆಗಳನ್ನು ಒಮ್ಮೆಗೇ ತೀರಿಸಿಕೊಳ್ಳುವ ಉಪಾಯವನ್ನು ನಮ್ಮ ಹಿರಿಯರು ಅರಿಯದವರಾಗಿರಲಿಲ್ಲ. ಜಾತ್ರೆಗೋ ಮದುವೆಗೋ ಹೊರಟ ಸಂಸಾರವು ಕಮಾನು ಕಟ್ಟಿದ ಗಾಡಿಯಲ್ಲಿ ಹುಲ್ಲು ಹರಡಿ, ಮೇಲೆ ಜಮಖಾನ ಹಾಸಿ, ಬುತ್ತಿಯ ಗಂಟನ್ನೂ ನೀರಿನ ತಂಬಿಗೆಯನ್ನೂ ಬಳಿಯಲ್ಲಿಟ್ಟುಕೊಂಡು ರಾತ್ರಿಯೆಲ್ಲ ದಾರಿ ಸವೆಸುತ್ತಿದ್ದುದುಂಟು. ಹೊರಡುವ ಮುನ್ನ ಗಾಡಿಯ ಯಜಮಾನನು ಮೊದಲು ನೋಡುತ್ತಿದ್ದುದು ಜಮಖಾನದ ಅಂದವನ್ನಲ್ಲ. ಅಚ್ಚಿಗೆ ಕೀಲೆಣ್ಣೆ ಬಿದ್ದಿದೆಯೇ, ಕಡಾಣಿ ಭದ್ರವಾಗಿದೆಯೇ ಎಂಬುದನ್ನು. ಗಾಲಿಯ ಮೇಲೆ ಮನೆ ಕಟ್ಟಿಕೊಳ್ಳುವವರೆಲ್ಲರೂ ಅನುಸರಿಸತಕ್ಕ ಕ್ರಮವೂ ಇದೇ ಆಗಿದೆ: ಮೊದಲು ಪ್ರಾಣರಕ್ಷಣೆ, ಬಳಿಕ ಸೌಖ್ಯ, ಕಟ್ಟಕಡೆಗೆ ಅಲಂಕಾರ.

ಪಾಶ್ಚಾತ್ಯ ದೇಶಗಳಲ್ಲಿ ‘ಕ್ಯಾಂಪರ್ ವ್ಯಾನ್’ ಎಂದು ಕರೆಯಲ್ಪಡುವ ಮೋಟಾರು ಗಾಡಿಯು ಇಂಥ ಮನೆಯೇ ಸರಿ. ಎರಡು ಮೀಟರಿಗೂ ಕಡಿಮೆ ಅಗಲದ ಪೆಟ್ಟಿಗೆಯೊಳಗೆ ಮಂಚ, ಒಲೆ, ನೀರಿನ ತೊಟ್ಟಿ, ಬಟ್ಟೆಯ ಕಪಾಟು ಮೊದಲಾದುವೆಲ್ಲ ಅಡಗಿರುತ್ತವೆ. ಇವುಗಳಲ್ಲಿ ಬಹು ಪ್ರಸಿದ್ಧವಾದುದು ಜರ್ಮನಿಯ ಫೋಕ್ಸ್‌ವ್ಯಾಗನ್ ಗಾಡಿ. ಬೆನ್ ಪೋನ್ ಎಂಬ ಡಚ್ ವರ್ತಕರು ೧೯೪೭ರ ಏಪ್ರಿಲ್ ತಿಂಗಳಲ್ಲಿ ಗೀಚಿದ ಒಂದು ರೇಖಾಚಿತ್ರವೇ ಅದಕ್ಕೆ ಮೂಲ. ೧೯೫೦ರ ಮಾರ್ಚ್ ತಿಂಗಳಲ್ಲಿ ವೋಲ್ಫ್ಸ್‌ಬರ್ಗಿನ ಕಾರ್ಖಾನೆಯಲ್ಲಿ ಅದರ ತಯಾರಿಕೆಯು ಆರಂಭವಾಯಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆಯು ಆ ಗಾಡಿಯೊಳಗೆ ಇರಿಸಿ, ಬೇಡವಾದಾಗ ತೆಗೆದಿಡಬಹುದಾದ ಮಂಚ–ಕಪಾಟುಗಳ ಸಲಕರಣೆಯೊಂದನ್ನು ಮಾರಾಟಕ್ಕೆ ತಂದಿತು. ವಾರವೆಲ್ಲ ಸರಕು ಹೊತ್ತ ಗಾಡಿಯು ಭಾನುವಾರ ವಿಹಾರಗೃಹವಾಗಬಹುದೆಂಬುದೇ ಅದರ ಆಕರ್ಷಣೆ. ಇಂಗ್ಲೆಂಡಿನ ಫೋಕ್‌ಸ್ಟನ್ ಪಟ್ಟಣದ ಮಾರ್ಟಿನ್ ವಾಲ್ಟರ್ ಸಂಸ್ಥೆಯವರು ಬೆಡ್‌ಫರ್ಡ್ ವ್ಯಾನುಗಳನ್ನು ಇದೇ ರೀತಿ ಮಾರ್ಪಡಿಸಿ ‘ಡಾರ್ಮೊಬೈಲ್’ ಎಂಬ ಹೆಸರಿನಿಂದ ಮಾರಿದರು. ಫೋಕ್ಸ್‌ವ್ಯಾಗನ್ನಿನ ಹಳೆಯ ಮಾದರಿಯು ಬ್ರೆಜಿಲ್ ದೇಶದಲ್ಲಿ ೨೦೧೩ರವರೆಗೂ ತಯಾರಾಗುತ್ತಲೇ ಇತ್ತು.

ಅರ್ಧ ಶತಮಾನ ಕಳೆದ ಗಾಡಿಗಳು ಇಂದಿಗೂ ಯುರೋಪು ಅಮೆರಿಕೆಗಳ ರಸ್ತೆಗಳಲ್ಲಿ ಓಡುತ್ತಿರುವುದಕ್ಕೆ ಮುಖ್ಯ ಕಾರಣವು ಅವುಗಳ ಒಡೆಯರ ಸ್ವಂತ ದುಡಿಮೆ. ಜಾನ್ ಮ್ಯೂರ್ ಎಂಬ ಅಮೆರಿಕದ ಎಂಜಿನಿಯರರು, ಯಂತ್ರವಿದ್ಯೆಯ ಗಂಧವೇ ಇಲ್ಲದವರೂ ತಮ್ಮ ಫೋಕ್ಸ್‌ವ್ಯಾಗನ್ನನ್ನು ತಾವೇ ದುರಸ್ತಿ ಮಾಡಿಕೊಳ್ಳುವಂತೆ ೧೯೬೯ರಲ್ಲಿ ಒಂದು ಕೈಪಿಡಿಯನ್ನು ಪ್ರಕಟಿಸಿದರು. ಪೀಟರ್ ಆಶ್‌ವಾಂಡೆನ್ ಎಂಬವರ ಚಿತ್ರಗಳಿಂದ ಕೂಡಿದ ಆ ಪುಸ್ತಕವನ್ನು ಬಳಿಯಲ್ಲಿಟ್ಟುಕೊಂಡು ಎಷ್ಟೋ ಮಂದಿ ಗೃಹಸ್ಥರು ಮೊದಲ ಬಾರಿಗೆ ಸ್ಪ್ಯಾನರು ಹಿಡಿದರು. ಕೈ ಕೆಸರಾದರೆ ಬಾಯಿ ಮೊಸರೆಂಬುದು ಇಲ್ಲಿಯೂ ಸತ್ಯವೇ. ಆದರೆ ಸ್ವಂತ ಕೆಲಸದಲ್ಲಿ ಉತ್ಸಾಹವು ವಿವೇಕವನ್ನು ಮೀರಿ ಓಡುವ ಭಯವೂ ಉಂಟು. ಪರದೆಗೆ ಬಟ್ಟೆಯನ್ನೂ ಕಪಾಟಿಗೆ ಬಣ್ಣವನ್ನೂ ಆರಿಸುವುದರಲ್ಲಿ ತಿಂಗಳುಗಳು ಕಳೆಯುತ್ತವೆ. ಪೆಟ್ರೋಲು ಹರಿಯುವ ರಬ್ಬರಿನ ಕೊಳವೆಯು ಬಿರಿದಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದುದರಿಂದ ಏನನ್ನು ಮೊದಲು ನೋಡಬೇಕೆಂಬುದನ್ನು ಕ್ರಮವಾಗಿ ವಿಚಾರಿಸೋಣ.

ಹಳೆಯ ಫೋಕ್ಸ್‌ವ್ಯಾಗನ್ ಗಾಡಿಯ ಎಂಜಿನು ಹಿಂಬದಿಯಲ್ಲಿರುತ್ತದೆ. ಅದಕ್ಕೆ ತಂಪು ನೀಡುವುದು ನೀರಲ್ಲ, ಬೀಸಣಿಗೆಯ ಗಾಳಿ. ಈ ಬೀಸಣಿಗೆಯೂ ವಿದ್ಯುತ್ತನ್ನು ಉತ್ಪಾದಿಸುವ ಡೈನಮೋವೂ ಒಂದೇ ದಂಡಕ್ಕೆ ಸೇರಿದ್ದು, ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟು. ಚಾಲಕನ ಎದುರಿನ ಕೆಂಪು ದೀಪ ಹೊತ್ತಿಕೊಂಡರೆ, ‘ಬ್ಯಾಟರಿಗೆ ವಿದ್ಯುತ್ತು ಹೋಗುತ್ತಿಲ್ಲ, ಊರು ಸೇರಿ ನೋಡೋಣ’ ಎಂದು ಮುಂದೆ ಹೋಗಕೂಡದು. ಬೆಲ್ಟು ಹರಿದಿದ್ದರೆ ಬೀಸಣಿಗೆಯೂ ನಿಂತಿರುತ್ತದೆ. ಕೆಲವೇ ನಿಮಿಷಗಳಲ್ಲಿ ಎಂಜಿನು ಸುಟ್ಟು ಹಾಳಾಗುವುದು. ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಅದು ಸುಮಾರು ೧೫ ಮಿಲಿಮೀಟರ್ ತಗ್ಗಬೇಕು. ಹೆಚ್ಚು ತಗ್ಗಿದರೆ ರಾಟೆಯ ಎರಡು ಹೋಳುಗಳ ನಡುವಿನ ಬಿಲ್ಲೆಗಳಲ್ಲಿ ಒಂದನ್ನು ತೆಗೆದು ಹೊರಗಿಟ್ಟು ಬಿಗಿ ಮಾಡಬಹುದು. ಒಂದು ಹೊಸ ಬೆಲ್ಟನ್ನೂ ತಕ್ಕ ಸ್ಪ್ಯಾನರನ್ನೂ ಗಾಡಿಯಲ್ಲಿ ಯಾವಾಗಲೂ ಇಟ್ಟುಕೊಂಡಿರತಕ್ಕದ್ದು. ಎಂಜಿನಿನ ಸುತ್ತ ಇರುವ ತಗಡುಗಳೂ ಅಂಚಿನ ರಬ್ಬರು ಪಟ್ಟಿಯೂ ಕೇವಲ ಮುಚ್ಚಳಗಳೆಂದು ಭಾವಿಸಿ ಕೆಲವರು ಕಿತ್ತೆಸೆಯುವುದುಂಟು. ಕೆಳಗಿನ ಬಿಸಿಗಾಳಿಯು ಮೇಲೇರಿ ಪುನಃ ಬೀಸಣಿಗೆಯ ಬಾಯಿಗೆ ಸೇರದಂತೆ ತಡೆಯುವುದೇ ಅವುಗಳ ಕಾರ್ಯವಾದುದರಿಂದ, ಒಂದು ತಗಡು ಇಲ್ಲವಾದರೂ ಎಂಜಿನು ಕಾದುಹೋಗುವುದು.

ಈ ಎಂಜಿನಿನಲ್ಲಿರುವ ಎಣ್ಣೆಯು ಸುಮಾರು ಎರಡೂವರೆ ಲೀಟರು ಮಾತ್ರ. ಇಷ್ಟು ಅಲ್ಪ ಪ್ರಮಾಣವು ಜಾರಿಕೆಯನ್ನೂ ತಂಪನ್ನೂ ಎರಡನ್ನೂ ಒದಗಿಸಬೇಕಾಗಿರುವುದರಿಂದ, ಸುಮಾರು ೫,೦೦೦ ಕಿಲೋಮೀಟರಿಗೊಮ್ಮೆ ಅದನ್ನು ಬದಲಾಯಿಸುವುದು ಅವಶ್ಯಕ. ಅದೇ ಸಮಯದಲ್ಲಿ ಕವಾಟಗಳ ಅಂತರವನ್ನು ಎಂಜಿನು ಪೂರ್ಣವಾಗಿ ತಣಿದಿರುವಾಗ ಅಳೆಯಬೇಕು. ೧೯೭೦ರ ಸುಮಾರಿನ ಬಹುಪಾಲು ಎಂಜಿನುಗಳಲ್ಲಿ ಅದು ೦.೧೫ ಮಿಲಿಮೀಟರ್. ಈ ಅಂತರವು ಮುಚ್ಚಿಹೋದರೆ ಕವಾಟವು ತನ್ನ ಪೀಠದಲ್ಲಿ ಸರಿಯಾಗಿ ಕೂರದೆ, ಶಾಖವನ್ನು ಬಿಟ್ಟುಕೊಡಲಾರದೆ, ಕಡೆಗೆ ಮುರಿದು ಎಂಜಿನಿನೊಳಗೆ ಬೀಳಬಹುದು. ಅಳತೆಯ ತಗಡು, ತಿರುಪುಳಿ, ಒಂದು ಸ್ಪ್ಯಾನರು, ಒಂದು ಬೆಳಗಿನ ಬಿಡುವು—ಇಷ್ಟಿದ್ದರೆ ಈ ಕೆಲಸವನ್ನು ಮನೆಯ ಅಂಗಳದಲ್ಲಿಯೇ ಮಾಡಬಹುದು.

ಪೆಟ್ರೋಲಿನ ಕೊಳವೆಗಳ ವಿಷಯವು ಇದಕ್ಕಿಂತಲೂ ಗುರುತರವಾದುದು. ಕಾದ ಎಂಜಿನಿನ ಮೇಲ್ಗಡೆಯೇ ಅವು ಹಾದುಹೋಗುತ್ತವೆ. ಎಥನಾಲ್ ಬೆರೆಸಿದ ಇಂದಿನ ಪೆಟ್ರೋಲಿಗೆ ಹಳೆಯ ಕಾಲದ ರಬ್ಬರು ತಾಳುವುದಿಲ್ಲ. ಮೇಲಾಗಿ ಈ ಎಂಜಿನಿನ ಒಡಲು ಮೆಗ್ನೀಸಿಯಂ ಮಿಶ್ರಲೋಹದ್ದು. ಅದಕ್ಕೆ ಬೆಂಕಿ ಹತ್ತಿದ ಮೇಲೆ ನೀರೆರಚಿದರೆ ಉರಿಯು ಮತ್ತಷ್ಟು ಪ್ರಬಲವಾಗುತ್ತದೆ. ಕೊಳವೆಗಳನ್ನು ಎಥನಾಲಿಗೆ ತಾಳುವ ಹೊಸ ಕೊಳವೆಗಳಿಂದ ಬದಲಿಸಿ, ಪ್ರತಿಯೊಂದು ತುದಿಗೂ ಬಿಗಿಪಟ್ಟಿ ಹಾಕುವುದಕ್ಕೆ ತಗಲುವ ವೆಚ್ಚವು ಪರದೆಯ ಬಟ್ಟೆಯ ಬೆಲೆಯನ್ನೂ ಮೀರಲಾರದು. ಬೆಂಕಿ ಆರಿಸುವ ಉಪಕರಣವನ್ನು ಬಾಗಿಲ ಬಳಿಯಲ್ಲಿ, ಹೊರಗಿನಿಂದಲೂ ಕೈಗೆ ಎಟುಕುವಂತೆ ಇರಿಸತಕ್ಕದ್ದು. ಎಂಜಿನಿನ ಮೇಲಿನ ಕಪಾಟಿನಲ್ಲಿಟ್ಟರೆ ಬೇಕಾದ ಹೊತ್ತಿನಲ್ಲಿ ಅದು ಉರಿಯ ಆಚೆಗೆ ಉಳಿದುಹೋಗುವುದು.

ಗಾಡಿಯು ಹೀಗೆ ಓಡಲು ಯೋಗ್ಯವಾದ ಬಳಿಕವೇ ಅದರೊಳಗಿನ ಮನೆಯ ಮಾತು. ಇಲ್ಲಿ ಮಾಡುವ ಪ್ರತಿಯೊಂದು ಮಾರ್ಪಾಡಿಗೂ ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳುವುದು ಒಳ್ಳೆಯದು. ಗಾಡಿ ಥಟ್ಟನೆ ನಿಂತರೆ ಈ ವಸ್ತು ತನ್ನ ಸ್ಥಳದಲ್ಲಿ ನಿಲ್ಲುವುದೇ? ನಾವು ಮಲಗಿದ್ದಾಗ ಇದು ನಮ್ಮ ಉಸಿರಿಗೆ ಕೇಡು ಮಾಡದೆ ಇರುವುದೇ?

ಮೊದಲನೆಯ ಪ್ರಶ್ನೆಯನ್ನು ಲೆಕ್ಕದಿಂದಲೇ ತಿಳಿಯಬಹುದು. ಗಂಟೆಗೆ ೫೦ ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿರುವ ವಸ್ತುವಿನ ರಭಸವು, ಅದೇ ವಸ್ತು ಸುಮಾರು ೧೦ ಮೀಟರ್ ಎತ್ತರದಿಂದ ಕೆಳಕ್ಕೆ ಬಿದ್ದಾಗಿನ ರಭಸಕ್ಕೆ ಸಮಾನ. ಗಾಡಿಯು ಯಾವುದಕ್ಕಾದರೂ ಬಡಿದು ನಿಂತರೆ, ಕಟ್ಟಿಡದ ಬ್ಯಾಟರಿಯಾಗಲಿ ಅಡಿಗೆಯ ಪಾತ್ರೆಗಳ ಪೆಟ್ಟಿಗೆಯಾಗಲಿ ಮೂರಂತಸ್ತಿನ ಮೇಲಿನಿಂದ ಎಸೆದಂತೆ ಮುಂದೆ ಕುಳಿತವರ ಬೆನ್ನಿಗೆ ಬೀಳುವುದು. ಆದುದರಿಂದ ಹಗಲು ಆಸನವೂ ರಾತ್ರಿ ಮಂಚವೂ ಆಗುವ ಪೀಠವನ್ನು ಮರದ ತಿರುಪುಗಳಿಂದ ಹಲಗೆಗೆ ಜೋಡಿಸಿದರೆ ಸಾಲದು. ನೆಲದ ಉಕ್ಕಿನ ಮೂಲಕ ಬೋಲ್ಟುಗಳನ್ನು ಇಳಿಸಿ, ಕೆಳಗಡೆ ಅಗಲವಾದ ಉಕ್ಕಿನ ಫಲಕಗಳನ್ನು ಕೊಟ್ಟು ಬಿಗಿಯಬೇಕು. ಸುರಕ್ಷಾ ಪಟ್ಟಿಯಿಲ್ಲದ ಪೀಠದಲ್ಲಿ, ಗಾಡಿ ಓಡುತ್ತಿರುವಾಗ ಮಕ್ಕಳನ್ನು ಕೂರಿಸಲೇಬಾರದು.

ಭಾರದ ವಿಚಾರವನ್ನೂ ಮರೆಯಲಾಗದು. ೬೦ ಲೀಟರಿನ ತೊಟ್ಟಿ ತುಂಬಿದರೆ ೬೦ ಕಿಲೋಗ್ರಾಂ, ಎಂದರೆ ಒಬ್ಬ ಮನುಷ್ಯನ ಭಾರ. ಅದಕ್ಕೆ ಮರದ ಕಪಾಟು, ಎರಡನೆಯ ಬ್ಯಾಟರಿ, ಮಾಡಿನ ಮೇಲಿನ ಸಾಮಾನು ಇವೆಲ್ಲ ಸೇರಿದಾಗ ಗಾಡಿಗೆ ವಿಧಿಸಿರುವ ಮಿತಿಯು ತಿಳಿಯದಂತೆಯೇ ದಾಟಿಹೋಗುತ್ತದೆ. ಬ್ರೇಕು ತಡವಾಗಿ ಹಿಡಿಯುತ್ತದೆ, ಟೈರು ಕಾಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆಯು ಈ ಮನೆಗೆ ಅಕ್ಷರಶಃ ಅನ್ವಯಿಸುವುದು. ಸಾಮಾನು, ನೀರು, ಜನರು ಎಲ್ಲವೂ ಸೇರಿದಂತೆ ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಮೇಲೆ ಗಾಡಿಯನ್ನು ಒಮ್ಮೆ ತೂಗಿಸಬೇಕು. ಭಾರವಾದ ವಸ್ತುಗಳು ತಗ್ಗಿನಲ್ಲಿಯೂ ಎರಡು ಅಚ್ಚುಗಳ ನಡುವೆಯೂ ಇರುವುದು ಲೇಸು.

ವಿದ್ಯುತ್ತಿನ ಕೆಲಸದಲ್ಲಿ, ೧೨ ವೋಲ್ಟ್ ಎಂಬುದು ಅಲ್ಪವೆಂದು ಕೆಲವರು ಉದಾಸೀನ ಮಾಡುವರು. ಅಲ್ಪ ವೋಲ್ಟಿನಲ್ಲಿ ಅದೇ ಕೆಲಸಕ್ಕೆ ಹೆಚ್ಚು ಪ್ರವಾಹ ಬೇಕಾಗುತ್ತದೆಂಬುದನ್ನು ಅವರು ಯೋಚಿಸುವುದಿಲ್ಲ. ೬೦ ವ್ಯಾಟಿನ ಉಪಕರಣವು ಮನೆಯ ೨೩೦ ವೋಲ್ಟಿನಲ್ಲಿ ಕಾಲು ಆಂಪಿಯರಿನಷ್ಟು ಎಳೆದರೆ, ಗಾಡಿಯಲ್ಲಿ ೫ ಆಂಪಿಯರ್ ಎಳೆಯುವುದು. ಸಣ್ಣ ತಂತಿಯು ಕಾದು ಮರದ ಹಿಂದೆ ಹೊತ್ತಿಕೊಳ್ಳುವುದು ಹೀಗೆಯೇ. ಪ್ರವಾಹಕ್ಕೆ ತಕ್ಕ ದಪ್ಪದ ತಂತಿಯನ್ನು ಎಳೆದು, ಬ್ಯಾಟರಿಗೆ ಅತಿ ಸಮೀಪದಲ್ಲಿಯೇ ಫ್ಯೂಸು ಹಾಕಬೇಕು. ದೀಪ, ಶೀತಕಪಾಟು ಮೊದಲಾದುವಕ್ಕೆ ಬೇರೆ ಬ್ಯಾಟರಿಯಿದ್ದರೆ ಬೆಳಿಗ್ಗೆ ಎಂಜಿನು ಹೊರಡದೆ ನಿಲ್ಲುವ ತೊಂದರೆಯಿಲ್ಲ. ೧೦೦ ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಅರ್ಧದಷ್ಟನ್ನೇ ಬಳಸುವುದು ಅದರ ಆಯುಸ್ಸಿಗೆ ಹಿತ. ೪೮ ವ್ಯಾಟಿನ ಶೀತಕಪಾಟು ಎಡೆಬಿಡದೆ ನಡೆದರೆ ೪ ಆಂಪಿಯರಿನಂತೆ ಆ ಅರ್ಧವು ಹನ್ನೆರಡೂವರೆ ಗಂಟೆಗಳಲ್ಲಿ ಮುಗಿಯುವುದು. ಕೊಳ್ಳುವ ಮುನ್ನವೇ ಇಷ್ಟು ಲೆಕ್ಕ ಹಾಕಿದರೆ ಹಣವೂ ಉಳಿಯುತ್ತದೆ, ಬೇಸರವೂ ತಪ್ಪುತ್ತದೆ.

ಎರಡನೆಯ ಪ್ರಶ್ನೆಯು ಉಸಿರಿಗೆ ಸಂಬಂಧಿಸಿದುದು. ಅಡಿಗೆಯ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲಮಟ್ಟದಲ್ಲಿ, ಮಲಗಿದವರ ಸುತ್ತಲೇ ತುಂಬಿಕೊಳ್ಳುವುದು. ಅನಿಲದ ಜಾಡಿಯನ್ನು ಪ್ರತ್ಯೇಕವಾದ ಬಿಗಿ ಪೆಟ್ಟಿಗೆಯಲ್ಲಿರಿಸಿ, ಆ ಪೆಟ್ಟಿಗೆಯ ತಳದಿಂದ ಗಾಡಿಯ ಹೊರಕ್ಕೆ ರಂಧ್ರ ಬಿಡುವುದು ಇದಕ್ಕಾಗಿ. ಕೀಲುಗಳಿಗೆ ಸಾಬೂನಿನ ನೀರು ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಬಹುದು. ಬೆಂಕಿಕಡ್ಡಿ ಗೀರಿ ಪರೀಕ್ಷಿಸಲೇಕೂಡದು. ಆದರೆ ಸೋರಿಕೆಗಿಂತಲೂ ಕ್ರೂರವಾದ ಶತ್ರು ಇಂಗಾಲದ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿದ್ದವನು ಎಚ್ಚರಗೊಳ್ಳದೆಯೇ ಪ್ರಾಣ ಬಿಡುವನು. ಚಳಿಯೆಂದು ಅಡಿಗೆಯ ಒಲೆಯನ್ನು ರಾತ್ರಿಯೆಲ್ಲ ಉರಿಸುವುದರಿಂದಲೂ, ಹೊರಗೆ ಅಡಿಗೆ ಮಾಡಿದ ಇದ್ದಲಿನ ಕೆಂಡವನ್ನು ಒಳಗೆ ತಂದಿರಿಸುವುದರಿಂದಲೂ ಸಂಸಾರಗಳೇ ನಾಶವಾದುದುಂಟು. ಹಳೆಯ ಫೋಕ್ಸ್‌ವ್ಯಾಗನ್ನಿನಲ್ಲಿ ಇನ್ನೊಂದು ದಾರಿಯೂ ಇದೆ: ಹೊಗೆ ಕೊಳವೆಯ ಸುತ್ತ ಹಾದುಬರುವ ಗಾಳಿಯಿಂದಲೇ ಗಾಡಿಯ ಒಳಭಾಗವು ಬೆಚ್ಚಗಾಗುವುದರಿಂದ, ಆ ಕೊಳವೆಗೆ ತುಕ್ಕು ಹಿಡಿದು ತೂತು ಬಿದ್ದರೆ ವಿಷದ ಹೊಗೆಯು ನೇರವಾಗಿ ಒಳಗೆ ಬರುತ್ತದೆ. ಗಾಳಿಯಾಡುವ ಕಿಂಡಿಗಳನ್ನು ಚಳಿಯ ನೆಪದಿಂದ ಮುಚ್ಚಬೇಡಿರಿ. ಈ ಅನಿಲವನ್ನು ಗುರುತಿಸಿ ಕೂಗುವ ಯಂತ್ರವೊಂದನ್ನು ಮಲಗುವ ಸ್ಥಳದ ಸಮೀಪ ಇಟ್ಟುಕೊಳ್ಳದೆ ಗಾಡಿಯಲ್ಲಿ ಒಂದು ರಾತ್ರಿಯನ್ನೂ ಕಳೆಯಬೇಡಿರಿ.

ಇನ್ನು ತೇವ ಮತ್ತು ತುಕ್ಕು. ಒಂದು ಕಿಲೋಗ್ರಾಂ ಅನಿಲವು ಉರಿದರೆ ಒಂದೂವರೆ ಕಿಲೋಗ್ರಾಮಿಗೂ ಮಿಗಿಲಾದ ನೀರಾವಿಯು ಹುಟ್ಟುತ್ತದೆ; ಮಲಗಿದವರ ಉಸಿರಿನ ಆವಿಯೂ ಅದಕ್ಕೆ ಸೇರಿ ತಣ್ಣನೆಯ ತಗಡಿನ ಮೇಲೆ ಹನಿಗೂಡುತ್ತದೆ. ಶೀತ ತಡೆಯಲೆಂದು ಗೋಡೆಯಲ್ಲಿ ತುಂಬುವ ವಸ್ತುವು ನೀರು ಹೀರದಂಥದಾಗಿರಬೇಕು. ಬಾಗಿಲು ಮತ್ತು ಅಂಚುಗಳ ತಳದಲ್ಲಿರುವ ನೀರಿಳಿಯುವ ರಂಧ್ರಗಳನ್ನು ಮುಚ್ಚಕೂಡದು. ತುಕ್ಕು ಕಂಡಲ್ಲಿ ಮೇಣದಂಥ ಲೇಪ ಮೆತ್ತಿ ಬಣ್ಣ ಬಳಿಯುವುದು, ಹುಣ್ಣಿನ ಮೇಲೆ ಗಂಧ ಹಚ್ಚಿದಂತೆ. ಒಳ್ಳೆಯ ಲೋಹ ಸಿಕ್ಕುವವರೆಗೆ ಕತ್ತರಿಸಿ, ಹೊಸ ತಗಡನ್ನು ಬೆಸೆದು, ಬಳಿಕ ರಕ್ಷಕ ಬಣ್ಣವನ್ನು ಹಚ್ಚಬೇಕು. ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುವವರು ಕೇವಲ ಜ್ಯಾಕನ್ನು ನಂಬದೆ, ಭದ್ರವಾದ ಊರೆಗಾಲುಗಳನ್ನು ಕೊಟ್ಟ ಮೇಲೆಯೇ ಒಳಗೆ ತಲೆ ಹಾಕಬೇಕು.

ಎಲ್ಲವನ್ನೂ ತಾವೇ ಮಾಡಬೇಕೆಂಬ ಹಠವೂ ಒಳ್ಳೆಯದಲ್ಲ. ಎಣ್ಣೆ, ಬೆಲ್ಟು, ಕವಾಟ, ಮರಗೆಲಸ, ಹೊಲಿಗೆ ಇವು ಗೃಹಸ್ಥನ ಕೈಗೆ ಒಗ್ಗುವ ಕೆಲಸಗಳು. ಬ್ರೇಕು, ಭಾರ ಹೊರುವ ಭಾಗಗಳ ಬೆಸುಗೆ, ಅನಿಲದ ಕೊಳವೆ—ಇವನ್ನು ನುರಿತವರಿಂದ ಮಾಡಿಸುವುದೋ, ಕಡೆಯ ಪಕ್ಷ ಪರೀಕ್ಷೆ ಮಾಡಿಸುವುದೋ ವಿವೇಕ. ಜರ್ಮನಿಯಲ್ಲಿ ಇಂಥ ಮಾರ್ಪಾಡುಗಳನ್ನು ಅಧಿಕೃತ ಪರೀಕ್ಷಕರು ನೋಡಿ ಗಾಡಿಯ ದಾಖಲೆಯಲ್ಲಿ ನಮೂದಿಸುವರು. ನಮ್ಮ ದೇಶದಲ್ಲಿ ಸ್ವಂತ ವ್ಯಾನನ್ನು ಮನೆಯಾಗಿಸಬೇಕೆನ್ನುವ ವಾಚಕರೂ ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮನ್ನು ನೆನಪಿನಲ್ಲಿಡತಕ್ಕದ್ದು. ತಯಾರಕರು ಗೊತ್ತುಮಾಡಿದ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮನಬಂದಂತೆ ಮಾರ್ಪಡಿಸಲು ಅದು ಅವಕಾಶ ಕೊಡುವುದಿಲ್ಲ. ಗರಗಸ ಹಿಡಿಯುವ ಮುನ್ನವೇ ನೋಂದಣಿಯ ಕಚೇರಿಯಲ್ಲಿ ವಿಚಾರಿಸಿಕೊಂಡರೆ ಶ್ರಮವು ವ್ಯರ್ಥವಾಗದು.

ಕೆಲಸದ ದಿನಾಂಕ, ಓಡಿದ ಕಿಲೋಮೀಟರು, ಹಾಕಿದ ಭಾಗ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವು ಸಂಸಾರದ ಜಮಾ–ಖರ್ಚಿನಷ್ಟೇ ಪ್ರಯೋಜನಕಾರಿ. ಎಣ್ಣೆಯ ಮಟ್ಟ ನೋಡುವುದನ್ನು ಹಿರಿಯ ಮಗನಿಗೂ, ಅನಿಲದ ಕೀಲಿಗೆ ಸಾಬೂನು ಹಚ್ಚಿ ನೋಡುವುದನ್ನು ಮಗಳಿಗೂ ಕಲಿಸಿಕೊಟ್ಟರೆ, ಗಾಡಿಯ ಕ್ಷೇಮವು ಒಬ್ಬನ ನೆನಪಿನ ಮೇಲೆಯೇ ನಿಂತಿರುವುದಿಲ್ಲ. ಇಷ್ಟೆಲ್ಲ ಮುಗಿದ ಮೇಲೆ ಪರದೆಯ ಬಟ್ಟೆಯನ್ನು ಮನಸ್ಸಿಗೆ ಬಂದ ಬಣ್ಣದಲ್ಲಿ ಆರಿಸಿಕೊಳ್ಳಬಹುದು. ಅದರ ಮರೆಯಲ್ಲಿ ಮಲಗಿದ ಮಕ್ಕಳು ಬೆಳಿಗ್ಗೆ ನಗುತ್ತ ಎದ್ದೇಳುವರೆಂಬ ಭರವಸೆಯು ಆಗ ಮನೆಯ ಹಿರಿಯರಿಗೆ ಇರುವುದು.