ಪಹಣಿ ಕಂಪ್ಯೂಟರಿಗೆ ಬಂತು, ತಾತನ ಹೆಸರು ಹಾಗೇ ಉಳಿಯಿತು

ಜಮೀನಿನ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವುದರಲ್ಲಿ ಕರ್ನಾಟಕ ದೇಶದಲ್ಲೇ ಮುಂದಿತ್ತು. ಆದರೂ ನಮ್ಮ ಪೆರೇಸಂದ್ರದ ಸುತ್ತಮುತ್ತ ನಾನು ನೋಡಿರುವ ಎಷ್ಟೋ ಪಹಣಿಗಳಲ್ಲಿ, ತೀರಿಹೋಗಿ ವರ್ಷಗಳೇ ಆದ ತಾತಂದಿರು ಇನ್ನೂ ಖಾತೆದಾರರು. ಮೊಬೈಲಿನಲ್ಲಿ ಎರಡು ನಿಮಿಷಕ್ಕೆ ಪಹಣಿ ಬರುತ್ತೆ, ಅದರಲ್ಲಿ ಉಳುವವನ ಹೆಸರೇ ಇರಲ್ಲ. ಯಾಕೆ ಹೀಗೆ?

2000ದ ಹೊತ್ತಿಗೆ ಶುರುವಾದ 'ಭೂಮಿ' ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂತು. ಅಲ್ಲಿಯವರೆಗೆ ಅವು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿದ್ದವು. ಅವರು ಸಿಕ್ಕಾಗ, ಮನಸ್ಸು ಬಂದಾಗ ನಕಲು. 'ಭೂಮಿ' ಬಂದ ಮೇಲೆ ತಾಲ್ಲೂಕು ಕಚೇರಿ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಕ್ಕಿತು. ಖಾತೆ ಬದಲಾವಣೆಯ ಅರ್ಜಿಗೂ ಸರದಿ ಬಂತು. ಇದು ಸಣ್ಣ ಸಾಧನೆಯಲ್ಲ.

ಆದರೆ ಕಂಪ್ಯೂಟರು ಮಾಡಿದ್ದು ಪುಸ್ತಕದಲ್ಲಿದ್ದದ್ದನ್ನು ಏರಿಸುವ ಕೆಲಸ. ಪುಸ್ತಕದಲ್ಲಿ ತಾತನ ಹೆಸರಿದ್ದರೆ ಪರದೆಯಲ್ಲೂ ತಾತನೇ. ಜಮೀನು ಮಾರಿದರೆ ಉಪನೋಂದಣಿ ಕಚೇರಿಯಿಂದ ಮಾಹಿತಿ ತಾನಾಗಿಯೇ 'ಭೂಮಿ'ಗೆ ಹೋಗುತ್ತೆ. ಸಾವಿನ ಸುದ್ದಿ ಹಾಗೆ ಹೋಗುವುದಿಲ್ಲ. 1964ರ ಭೂಕಂದಾಯ ಕಾಯ್ದೆಯ 128ನೇ ಕಲಂ ಪ್ರಕಾರ ವಾರಸುದಾರರೇ ಮೂರು ತಿಂಗಳೊಳಗೆ ತಿಳಿಸಬೇಕು. ತಿಥಿ ಮುಗಿದ ಮೇಲೆ ಅದನ್ನು ನೆನೆಯುವವರು ಯಾರು?

ನೆನೆದರೂ ಸುಲಭವಲ್ಲ. ಮರಣ ಪತ್ರ ಬೇಕು, ವಂಶವೃಕ್ಷ ಬೇಕು. ವಂಶವೃಕ್ಷ ಬರೆಯುವಾಗಲೇ ಜಗಳ. 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. 'ಅಕ್ಕಂದಿರು ಗಂಡನ ಮನೇಲಿ ಚೆನ್ನಾಗವ್ರೆ ಬಿಡಿ' ಅಂತ ಹೆಸರು ಬಿಟ್ಟರೆ ಆ ಪೌತಿ ಖಾತೆ ನಾಳೆ ಕೋರ್ಟಿಗೆ ಹೋಗುತ್ತೆ. ಇದನ್ನು ಯಾವ ತಂತ್ರಾಂಶವೂ ಬಗೆಹರಿಸಲ್ಲ.

ಖಾತೆ ಆಗದಿದ್ದರೆ ನಷ್ಟ ನಮಗೇ. ಪಹಣಿಯ 9ನೇ ಕಾಲಂನಲ್ಲಿ ಹೆಸರಿಲ್ಲದವನಿಗೆ ಬೆಳೆಸಾಲ ಕಷ್ಟ, ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಕಷ್ಟ, ಬೆಳೆ ಹೋದರೆ ಪರಿಹಾರವೂ ಕಷ್ಟ. ಹೆದ್ದಾರಿ ಪಕ್ಕದ ನಮ್ಮಂಥ ಊರಿನಲ್ಲಿ ನಾಳೆ ಭೂಸ್ವಾಧೀನದ ನೋಟಿಸು ಬಂದರೆ ಅದೂ ತಾತನ ಹೆಸರಿಗೇ ಬರುತ್ತೆ.

2024ರಲ್ಲಿ ಪಹಣಿಗೆ ಆಧಾರ್ ಜೋಡಿಸಲು ಹೊರಟಾಗ ಲಕ್ಷಾಂತರ ಜಮೀನು ಸತ್ತವರ ಹೆಸರಿನಲ್ಲಿರುವುದು ಸರ್ಕಾರಕ್ಕೂ ಕಂಡಿತು. ಈಗ ಇ-ಪೌತಿ ಆಂದೋಲನ ನಡೆದಿದೆ. ಗ್ರಾಮ ಆಡಳಿತ ಅಧಿಕಾರಿಯೇ ಮನೆಬಾಗಿಲಿಗೆ ಬರಬೇಕೆಂಬ ಯೋಚನೆ ಸರಿಯಾದದ್ದೇ. ಆದರೆ ಅದೇ ಅಧಿಕಾರಿಗಳು 2024ರಲ್ಲಿ ಆ್ಯಪ್‌ಗಳ ಹೊರೆ ತಡೆಯಲಾರದೆ ಮುಷ್ಕರಕ್ಕೆ ಕೂತಿದ್ದರು. ಆ್ಯಪು ಹೆಚ್ಚಿಸಿ, ಅದನ್ನು ನಡೆಸುವವರಿಗೆ ಸವಲತ್ತು ಕೊಡದಿದ್ದರೆ ಆಡಳಿತ ಸುಧಾರಣೆ ಆಗುವುದು ಹೇಗೆ?

ಸರ್ಕಾರ ಮಾಡಬೇಕಾದ್ದು ಸ್ಪಷ್ಟ: ಪಂಚಾಯ್ತಿಯಲ್ಲಿ ಮರಣ ನೋಂದಣಿಯಾದ ದಿನವೇ 'ಭೂಮಿ'ಗೆ ಸೂಚನೆ ಹೋಗಲಿ, ವಾರಸುದಾರರಿಗೆ ಕರೆ ಬರಲಿ. ಅಲ್ಲಿಯವರೆಗೆ ನಾವು ಮಾಡಬೇಕಾದ್ದು ಇಷ್ಟು: ಅಕ್ಕತಂಗಿಯರ ಹೆಸರನ್ನೂ ಸೇರಿಸಿ ನಾಡಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. 'ಸರ್ವರ್ ಇಲ್ಲ, ನಾಳೆ ಬಾ' ಅಂದರೆ, ಅರ್ಜಿ ಕೊಟ್ಟ ದಿನಕ್ಕೆ ಆ ಚೀಟಿಯೇ ಸಾಕ್ಷಿ.