ಜರ್ಮನ್ ಅರಸುಮನೆತನಗಳೂ ನಮ್ಮ ಕನ್ನಡವೂ

ನಮ್ಮ ಶಾಲೆಯ ಮೇಲ್ತರಗತಿಗಳಲ್ಲಿ ಕನ್ನಡ ಸಾಹಿತ್ಯಚರಿತ್ರೆಯ ಪಾಠ ಬಂದಾಗಲೆಲ್ಲ ಕಿಟ್ಟೆಲ್, ಮೋಗ್ಲಿಂಗ್, ವೈಗಲ್ ಎಂಬ ಹೆಸರುಗಳು ಬರುತ್ತವೆ. ಇವರು ಜರ್ಮನಿ ದೇಶದವರೆಂದು ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗುವುದು ವಾಡಿಕೆ. ಈ ಮಾತು ಸುಳ್ಳಲ್ಲವಾದರೂ ಅರ್ಧ ನಿಜವಷ್ಟೆ. ಈ ಮೂವರೂ ಹುಟ್ಟಿದ ಕಾಲದಲ್ಲಿ ಜರ್ಮನಿ ಎಂಬ ಹೆಸರಿನ ಒಂದೇ ರಾಜ್ಯವು ಇರಲಿಲ್ಲ. ಮೋಗ್ಲಿಂಗರೂ ವೈಗಲ್ಲರೂ ವುರ್ಟೆಂಬರ್ಗಿನ ಅರಸನ ಪ್ರಜೆಗಳು. ಕಿಟ್ಟೆಲ್ಲರು ಹ್ಯಾನೋವರಿನ ಅರಸನ ಪ್ರಜೆ. ಆ ಅರಸುಮನೆತನಗಳ ವಿಷಯವನ್ನೂ, ಅವುಗಳ ನೆರಳು ನಮ್ಮ ಭಾಷೆಯ ಮೇಲೆ ಬಿದ್ದ ಬಗೆಯನ್ನೂ ಈ ಸಂಚಿಕೆಯ ಓದುಗರಿಗೆ ತುಸು ಬಿಡಿಸಿ ಹೇಳಬೇಕೆಂಬುದು ನನ್ನ ಅಪೇಕ್ಷೆ.

ಜರ್ಮನ್ ನುಡಿಯನ್ನಾಡುವ ಸೀಮೆಗಳು ಬಹುಕಾಲ ‘ಪವಿತ್ರ ರೋಮನ್ ಸಾಮ್ರಾಜ್ಯ’ವೆಂಬ ಸಡಿಲವಾದ ಕೂಟದೊಳಗಿದ್ದವು. ನೆಪೋಲಿಯನ್ನನ ಹೊಡೆತಕ್ಕೆ ಸಿಕ್ಕಿ ಅದು 1806ನೆಯ ಇಸವಿಯಲ್ಲಿ ಅಳಿಯಿತು. ಅದೇ ವರುಷ ವುರ್ಟೆಂಬರ್ಗಿನ ದೊರೆಯು ಅದೇ ನೆಪೋಲಿಯನ್ನನ ಕೃಪೆಯಿಂದ ‘ಅರಸ’ನೆಂಬ ಪದವಿಯನ್ನು ಪಡೆದನು. ತರುವಾಯ 1871ರ ಜನವರಿ 18ರಂದು ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಪ್ರಷ್ಯದ ಅರಸನಾದ ಒಂದನೆಯ ವಿಲ್ಹೆಲ್ಮನನ್ನು ಸಮಸ್ತ ಜರ್ಮನರ ಚಕ್ರವರ್ತಿಯೆಂದು ಸಾರಲಾಯಿತು. ರಾಯಚೂರಿನಲ್ಲಿ ಮುಂಬಯಿ ಕಡೆಯ ರೈಲುಹಾದಿಯೂ ಮದ್ರಾಸಿನ ಕಡೆಯ ರೈಲುಹಾದಿಯೂ ಬಂದು ಕೂಡಿದ್ದು ಅದೇ ವರುಷವೆಂದರೆ ಕಾಲವನ್ನು ನೆನಪಿಡುವುದು ಸುಲಭವಾದೀತು. ಆ ಸಾಮ್ರಾಜ್ಯದಲ್ಲಿ ಸಣ್ಣವು ದೊಡ್ಡವು ಸೇರಿ 25 ಸಂಸ್ಥಾನಗಳಿದ್ದವು. ಪ್ರಷ್ಯ, ಬವೇರಿಯ, ಸ್ಯಾಕ್ಸನಿ, ವುರ್ಟೆಂಬರ್ಗ್ ಈ ನಾಲ್ಕಕ್ಕೆ ಮಾತ್ರ ಅರಸರು; ಉಳಿದವು ಡ್ಯೂಕರ ಹಾಗೂ ಕಿರಿಯ ಪ್ರಭುಗಳ ಸೀಮೆಗಳು, ಮೂರು ಮಾತ್ರ ದೊರೆಯಿಲ್ಲದ ಸ್ವತಂತ್ರ ನಗರಗಳು.

ಒಬ್ಬ ಚಕ್ರವರ್ತಿಯ ಕೆಳಗೆ ಇಷ್ಟು ಮಂದಿ ದೊರೆಗಳು ಹೇಗಿದ್ದರೆಂದು ಬೇರೆ ಊರಿನವರು ಬೆರಗಾದಾರು. ಮಾನ್ವಿಯವರಿಗೆ ಬೆರಗೇಕೆ? 1948ರ ಸೆಪ್ಟೆಂಬರಿನ ತನಕ ನಮ್ಮ ಹಿರಿಯರು ನಿಜಾಮರ ಪ್ರಜೆಗಳಾಗಿದ್ದು, ಹಾಲಿ ಸಿಕ್ಕಾ ನಾಣ್ಯವನ್ನು ಎಣಿಸಿ, ನಿಜಾಮರ ಅಂಚೆಚೀಟಿಯನ್ನು ಕಾಗದಕ್ಕೆ ಅಂಟಿಸಿ, ಅವರ ಮೇಲೆ ಇನ್ನೊಬ್ಬ ಚಕ್ರವರ್ತಿಯು ಲಂಡನ್ನಿನಲ್ಲಿರುವುದನ್ನೂ ಬಲ್ಲವರಾಗಿದ್ದರು. ಅಂತೆಯೇ ಬವೇರಿಯವು 1920ರ ವರೆಗೆ ತನ್ನದೇ ಅಂಚೆಚೀಟಿಯನ್ನು ಅಚ್ಚುಮಾಡಿಕೊಂಡಿತು. ಆದರೆ ನಮ್ಮ ಚಕ್ರವರ್ತಿ ಪರದೇಶದವನು. ಅವರದೋ ಅದೇ ನುಡಿಯವನು. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಲಾಗದು.

ಕಿಟ್ಟೆಲ್ಲರ ವಿಷಯ ಇನ್ನೂ ಸ್ವಾರಸ್ಯವಾದದ್ದು. ಅವರು 1832ರ ಏಪ್ರಿಲ್ 7ರಂದು ಪೂರ್ವ ಫ್ರೀಸ್‌ಲೆಂಡಿನ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಹುಟ್ಟಿದಾಗ ಆ ಸೀಮೆ ಹ್ಯಾನೋವರಿಗೆ ಸೇರಿತ್ತು. ಇಂಗ್ಲೆಂಡಿನ ಅರಸನಾದ ನಾಲ್ಕನೆಯ ವಿಲಿಯಮನೇ ಹ್ಯಾನೋವರಿಗೂ ಅರಸನಾಗಿದ್ದನು. 1837ರಲ್ಲಿ ಅವನು ತೀರಿಕೊಂಡಾಗ ತಮ್ಮನ ಮಗಳಾದ ವಿಕ್ಟೋರಿಯಳಿಗೆ ಇಂಗ್ಲೆಂಡಿನ ಪಟ್ಟವಾಯಿತು, ಹ್ಯಾನೋವರಿನ ಪಟ್ಟವಾಗಲಿಲ್ಲ. ವಂಶದಲ್ಲಿ ಗಂಡಸರಿರುವ ತನಕ ಹೆಂಗಸು ಗದ್ದುಗೆ ಏರಕೂಡದೆಂಬುದು ಅಲ್ಲಿಯ ಕಟ್ಟಳೆ. ಮುಂದೆ ಭರತಖಂಡದ ಚಕ್ರವರ್ತಿನಿಯೆನಿಸಿದವಳಿಗೆ ಹ್ಯಾನೋವರಿನಂಥ ಸಣ್ಣ ರಾಜ್ಯವು ದಕ್ಕಲಿಲ್ಲ, ಅವಳ ಚಿಕ್ಕಪ್ಪನ ಪಾಲಾಯಿತು! ಕೃಷ್ಣೆಯ ಈಚೆಗಿನ ನಮ್ಮ ನೆರೆಯ ಗದ್ವಾಲ ಸಂಸ್ಥಾನವನ್ನು ರಾಣಿ ಆದಿಲಕ್ಷ್ಮೀ ದೇವಮ್ಮನವರು ಆಳಿದ್ದನ್ನು ಬಲ್ಲ ನಮ್ಮ ಹುಡುಗಿಯರು ಈ ಕಥೆ ಕೇಳಿ ನಗುತ್ತಾರೆ. 1866ರಲ್ಲಿ ಪ್ರಷ್ಯವು ಹ್ಯಾನೋವರನ್ನು ನುಂಗಿತು. ಕಿಟ್ಟೆಲ್ಲರು 1853ರಲ್ಲಿಯೇ ನಮ್ಮ ನಾಡಿಗೆ ಬಂದವರಾದ್ದರಿಂದ, ಅವರು ಕನ್ನಡ ಕಲಿಯುತ್ತಿದ್ದಂತೆಯೇ ಹುಟ್ಟೂರಿನ ಅರಸೊತ್ತಿಗೆ ಬಯಲಾಯಿತೆನ್ನಬೇಕು.

ಇನ್ನು ವುರ್ಟೆಂಬರ್ಗಿನ ಮಾತು. ಬಾಸೆಲ್ ಮಿಶನ್ನು 1815ರಲ್ಲಿ ಸ್ಥಾಪಿತವಾದದ್ದು ಸ್ವಿಟ್ಜರ್ಲೆಂಡಿನಲ್ಲಾದರೂ ಅದರ ಕೆಲಸಕ್ಕೆ ಹೊರಟವರಲ್ಲಿ ಬಹುಮಂದಿ ಈ ಪುಟ್ಟ ರಾಜ್ಯದವರು. ಅದಕ್ಕೆ ಕಾರಣವನ್ನು ಹುಡುಕಹೊರಟರೆ ಅರಮನೆಗಿಂತ ಮೊದಲು ಹಳ್ಳಿಯ ಶಾಲೆಯ ಬಾಗಿಲಿಗೆ ಹೋಗಬೇಕಾಗುತ್ತದೆ. 1618ರಿಂದ 1648ರ ವರೆಗಿನ ಮೂವತ್ತು ವರುಷಗಳ ಯುದ್ಧದಲ್ಲಿ ಆ ಸೀಮೆಯ ಅರ್ಧಕ್ಕಿಂತ ಹೆಚ್ಚು ಜನ ಕತ್ತಿಗೂ ಬರಕ್ಕೂ ಪಿಡುಗಿಗೂ ತುತ್ತಾದರು. ಯುದ್ಧ ಮುಗಿದ ಮರುವರುಷವೇ, ಊರುಗಳು ಇನ್ನೂ ಪಾಳುಬಿದ್ದಿರುವಾಗಲೇ, ಗಂಡಾಗಲಿ ಹೆಣ್ಣಾಗಲಿ ಸಕಲ ಮಕ್ಕಳೂ ಶಾಲೆಗೆ ಬರತಕ್ಕದ್ದೆಂದು ಅಲ್ಲಿ ಆಜ್ಞೆಯಾಯಿತು. ಆಜ್ಞೆಯಾದ ಮಾತ್ರಕ್ಕೆ ಮಕ್ಕಳು ಬಂದರೆಂದು ತಿಳಿಯಬೇಡಿರಿ. ಬೇಸಗೆಯಲ್ಲಿ ಹೊಲದ ಕೆಲಸಕ್ಕೆ ಕೈಗಳು ಬೇಕಾಗಿ ಜರ್ಮನ್ ಹಳ್ಳಿಯ ಶಾಲೆಗಳು ಬಹುಮಟ್ಟಿಗೆ ಚಳಿಗಾಲದಲ್ಲಿಯೇ ತುಂಬಿರುತ್ತಿದ್ದವು. ಹತ್ತಿ ಬಿಡಿಸುವ ತಿಂಗಳುಗಳಲ್ಲಿ ನಮ್ಮ ಹಾಜರಿಪುಸ್ತಕವನ್ನು ನೋಡಿದ ಪೋಷಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೂ ಬಿಡದೆ ನಡೆಸಿದ್ದರಿಂದ ನೂರಿನ್ನೂರು ವರುಷಗಳಲ್ಲಿ ಓದು ಅಲ್ಲಿಯ ರೈತನ ಮನೆಯನ್ನೂ ಹೊಕ್ಕಿತು.

1816ರಲ್ಲಿ ಅಲ್ಲಿ ಬೇಸಗೆಯೇ ಬರಲಿಲ್ಲ. ಹಿಂದಿನ ವರುಷ ತಂಬೋರ ಎಂಬ ದೂರದ್ವೀಪದ ಅಗ್ನಿಪರ್ವತವು ಸಿಡಿದು ಅದರ ಧೂಳು ಆಕಾಶವನ್ನು ಮುಚ್ಚಿದ್ದೇ ಕಾರಣ. ಬೆಳೆ ಕೊಳೆತು ಘೋರ ಕ್ಷಾಮವುಂಟಾಯಿತು. ಆ ವರುಷವೇ ವಿಲ್ಹೆಲ್ಮನೆಂಬ ಅರಸನು ಪಟ್ಟಕ್ಕೆ ಬಂದಿದ್ದನು. ರಷ್ಯದ ಚಕ್ರವರ್ತಿಯ ತಂಗಿಯಾದ ಕ್ಯಾಥರಿನಾ ಅವನ ರಾಣಿ. ಆಕೆಯು ಬಡವರ ಸಹಾಯಕ್ಕಾಗಿ ರಾಜ್ಯವ್ಯಾಪಿಯಾದ ಸಂಘವನ್ನು ಕಟ್ಟಿದಳು. 1818ರಲ್ಲಿ ಬಡವರ ಕಾಸನ್ನು ಕೂಡಿಡುವ ಉಳಿತಾಯದ ಬ್ಯಾಂಕನ್ನು ಏರ್ಪಡಿಸಿದಳು. ಅದೇ ವರುಷ ರಾಜಧಾನಿಯಾದ ಸ್ಟುಟ್‌ಗಾರ್ಟಿನಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆದಳು. ಅದು ಮೊದಲಿಗೆ ಉತ್ತಮ ಮನೆತನದ ಬಾಲಿಕೆಯರಿಗೆಂದೇ ಇದ್ದದ್ದು ನನಗೆ ಅಷ್ಟಾಗಿ ಒಪ್ಪಿಗೆಯಾಗದಿದ್ದರೂ, ಹೆಣ್ಣಿನ ಓದನ್ನು ರಾಣಿಯೊಬ್ಬಳು ರಾಜಕಾರ್ಯವೆಂದೆಣಿಸಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. 1819ರ ಜನವರಿಯಲ್ಲಿ ಮೂವತ್ತು ವರುಷ ಪ್ರಾಯದ ಆ ರಾಣಿ ತೀರಿಕೊಂಡಳು. ಅರಸನು ತನ್ನ ಪೂರ್ವಿಕರ ಕೋಟೆಯನ್ನೇ ಕೆಡವಿಸಿ ಆ ಗುಡ್ಡದ ಮೇಲೆ ಆಕೆಗೆ ಸಮಾಧಿಮಂದಿರವನ್ನು ಕಟ್ಟಿಸಿದನು.

ಇಂಥ ರಾಜ್ಯದ ಬ್ರಾಕೆನ್‌ಹೈಮ್ ಎಂಬಲ್ಲಿ 1811ರಲ್ಲಿ ಹುಟ್ಟಿ, ಟ್ಯೂಬಿಂಗನ್ನಿನ ವಿದ್ಯಾಪೀಠದಲ್ಲಿ ಓದಿ, 1836ರಲ್ಲಿ ಮಂಗಳೂರಿಗೆ ಬಂದವರು ಹೆರ್ಮನ್ ಮೋಗ್ಲಿಂಗರು. 1843ರ ಜುಲೈ 1ರಂದು ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ವೇ ಕನ್ನಡದ ಮೊದಲ ಪತ್ರಿಕೆ, ಮರುವರುಷ ಅದು ನಮಗೆ ಸಮೀಪದ ಬಳ್ಳಾರಿಗೆ ಬಂದು ಅಚ್ಚಾಯಿತು. ನಮ್ಮ ತಾಲೂಕಿಗೆ ಹತ್ತಿರವಾದ ಸಂಗತಿ ಇನ್ನೊಂದುಂಟು. ಚೀಕಲಪರವಿಯ ವಿಜಯದಾಸರೂ ಮಾನ್ವಿಯ ಜಗನ್ನಾಥದಾಸರೂ ಬೆಳೆಸಿದ ದಾಸಸಾಹಿತ್ಯದ ಪರಂಪರೆ, ಅಲ್ಲಿಯ ತನಕ ಬಾಯಿಂದ ಬಾಯಿಗೂ ಓಲೆಯಲ್ಲಿಯೂ ಉಳಿದದ್ದು, 1850ರಲ್ಲಿ ಮೋಗ್ಲಿಂಗರ ಕೈಯಿಂದ ‘ದಾಸರ ಪದಗಳು’ ಎಂಬ ಪುಸ್ತಕವಾಗಿ ಅಚ್ಚನ್ನು ಕಂಡಿತು. ಅನ್ಯಮತದ ಪಾದ್ರಿಯೊಬ್ಬರು ಇದನ್ನು ಅಷ್ಟು ಆದರದಿಂದ ಮಾಡಿದ್ದನ್ನು ಎರಡೂ ಕಡೆಯವರು ನೆನೆಯಬೇಕು. ಕಿಟ್ಟೆಲ್ಲರ ನಿಘಂಟು 1894ರಲ್ಲಿ ಹೊರಬಂತು. ಸುಮಾರು 70,000 ಶಬ್ದಗಳು. ಎರಡು ವರುಷಗಳ ತರುವಾಯ ಅದೇ ಟ್ಯೂಬಿಂಗನ್ ವಿದ್ಯಾಪೀಠವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು.

1914ರಲ್ಲಿ ಮಹಾಯುದ್ಧ ಹೊತ್ತಿಕೊಂಡಾಗ ನಮ್ಮ ನಾಡಿನಲ್ಲಿದ್ದ ಜರ್ಮನ್ ಮಿಶನರಿಗಳು ಶತ್ರುಪ್ರಜೆಗಳೆನಿಸಿದರು. ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟು ಆಮೇಲೆ ಸ್ವದೇಶಕ್ಕೆ ಕಳುಹಿಸಲಾಯಿತು. 1918ರ ನವೆಂಬರಿನಲ್ಲಿ ಚಕ್ರವರ್ತಿ ಎರಡನೆಯ ವಿಲ್ಹೆಲ್ಮನು ಹಾಲೆಂಡಿಗೆ ಓಡಿದನು. ವುರ್ಟೆಂಬರ್ಗಿನ ಕಡೆಯ ಅರಸನ ಹೆಸರೂ ವಿಲ್ಹೆಲ್ಮನೇ. ಕಾವಲಿಲ್ಲದೆ ತನ್ನ ನಾಯಿಗಳೊಡನೆ ಪೇಟೆಯಲ್ಲಿ ಅಡ್ಡಾಡುತ್ತಿದ್ದ ಸಾಧುವಾದ ದೊರೆ. ಆ ತಿಂಗಳ 30ರಂದು ಅವನೂ ಪದವಿ ಬಿಟ್ಟನು. ದಂಗೆಯ ದಿನ ರಾಜಧಾನಿಯವರು ತನ್ನ ಬೆಂಬಲಕ್ಕೆ ಬರಲಿಲ್ಲವೆಂಬ ನೋವು ಅವನಲ್ಲಿ ಉಳಿದಿತ್ತು. ಆದಕಾರಣ 1921ರಲ್ಲಿ ಅವನು ಸತ್ತಾಗ ಅವನ ಇಚ್ಛೆಯಂತೆ ಶವಯಾತ್ರೆಯು ಸ್ಟುಟ್‌ಗಾರ್ಟನ್ನು ಬಳಸಿಕೊಂಡು ಹೋಯಿತು.

ಈಗ ಆ ಮನೆತನಗಳ ಬಿರುದುಗಳು ಕೇವಲ ಅಡ್ಡಹೆಸರುಗಳಾಗಿವೆ. 1919ರ ರಾಜ್ಯಾಂಗವೇ ಹಾಗೆ ವಿಧಿಸಿತು. ಕ್ಷಾಮ ತೀರಿದ ಮೇಲೆ 1818ರಲ್ಲಿ ವಿಲ್ಹೆಲ್ಮನು ಕಾನ್‌ಸ್ಟಾಟಿನಲ್ಲಿ ಆರಂಭಿಸಿದ ಬೇಸಾಯದ ಜಾತ್ರೆಯು ಹಣ್ಣುಕಾಯಿಗಳಿಂದ ಸಿಂಗರಿಸಿದ ಎತ್ತರದ ಕಂಬದೊಡನೆ ಈಗಲೂ ನಡೆಯುತ್ತದೆ. ಕ್ಯಾಥರಿನಾ ರಾಣಿಯ ಶಾಲೆಯೂ ಆಕೆಯ ಹೆಸರಿನಲ್ಲಿಯೇ ಸ್ಟುಟ್‌ಗಾರ್ಟಿನಲ್ಲಿ ನಡೆದುಬರುತ್ತಿದೆ. ಈಗ ಅಲ್ಲಿ ಗಂಡುಹುಡುಗರನ್ನೂ ಸೇರಿಸಿಕೊಳ್ಳುತ್ತಾರೆ.